ಅಪ್ಪನ ಕಂಪ್ಯೂಟರಿನಲ್ಲಿದ್ದದ್ದು ನಕಲಿ ಪೆಂಟಿಯಮ್ಮೇ?

ಪ್ರಶ್ನೆ: ದಾವಣಗೆರೆಯ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪ 1997ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿ ತಂದ ಕಂಪ್ಯೂಟರ್ ಸಿಕ್ಕಿತು. ‘ಅದು ಪೆಂಟಿಯಂ 166’ ಅಂತ ಅಪ್ಪ ಈಗಲೂ ಹೇಳುತ್ತಾರೆ. ಫ್ಯಾನ್ ತೆಗೆದು ನೋಡಿದರೆ ಪೆಂಟಿಯಂ ಹೆಸರೇ ಇಲ್ಲ. ದಪ್ಪಕ್ಷರದಲ್ಲಿ ಐಬಿಎಂ, ಕೆಳಗೆ 6ಎಕ್ಸ್86 ಪಿ166+, ಸಣ್ಣಕ್ಷರದಲ್ಲಿ ಸೈರಿಕ್ಸ್ ಎಂದಿದೆ. ಜತೆಗೆ 133 ಮೆಗಾಹರ್ಟ್ಸ್ ಅಂತಲೂ ಇದೆ. ಅಂಗಡಿಯವರು ಡೂಪ್ಲಿಕೇಟ್ ಕೊಟ್ಟು ಟೋಪಿ ಹಾಕಿದರೇ? ಇಂಥ ಚಿಪ್ ಮಾಡುತ್ತಿದ್ದವರು ಬೇರೆ ಯಾರಾದರೂ ಇದ್ದರೇ, ಅವರೆಲ್ಲ ಎಲ್ಲಿ ಹೋದರು? ಇನ್ನೂ ಆನ್ ಮಾಡಿಲ್ಲ, ಮಾಡಬಹುದೇ?

ಉತ್ತರ: ಅಂಗಡಿಯವರು ಬಾಯಿಮಾತಿನಲ್ಲಿ ‘ಪೆಂಟಿಯಂ’ ಎಂದಿದ್ದರೆ ಆ ಮಾತು ಸುಳ್ಳು. ಪೆಂಟಿಯಂ ಎಂಬುದು ಇಂಟೆಲ್ ಕಂಪನಿಯ ಪ್ರೊಸೆಸರಿನ, ಅಂದರೆ ಕಂಪ್ಯೂಟರಿನ ಮಿದುಳಾದ ಚಿಪ್ಪಿನ ಹೆಸರು. ನಿಮ್ಮ ಚಿಪ್ ಸೈರಿಕ್ಸ್ ಎಂಬ ಬೇರೆ ಕಂಪನಿಯದು, ಆದರೆ ಅಸಲಿ. ವನಸ್ಪತಿಗೆಲ್ಲ ಡಾಲ್ಡಾ ಅನ್ನುವ ಹಾಗೆ ಆಗ ಒಳ್ಳೆಯ ಕಂಪ್ಯೂಟರಿಗೆಲ್ಲ ಪೆಂಟಿಯಂ ಅನ್ನುತ್ತಿದ್ದೆವು. ಹಾಗೆ ಅಂದವರಲ್ಲಿ ಎಲ್ಲರೂ ಮೋಸಗಾರರಲ್ಲ, ಹಾಗಂತ ಎಲ್ಲರೂ ಸಾಚಾಗಳೂ ಅಲ್ಲ.

ನಕಲಿಗೂ ‘ಕಂಪ್ಯಾಟಿಬಲ್’ಗೂ ಇರುವ ವ್ಯತ್ಯಾಸ ಮೊದಲು. ದರ್ಶಿನಿ ಹೋಟೆಲಿನ ಕೌಂಟರಿನಲ್ಲಿ ‘ಒಂದು ಮಸಾಲೆ’ ಎಂದು ಚೀಟಿ ಕೊಡುತ್ತಾರೆ. ಆ ಚೀಟಿ ಯಾವ ಹೋಟೆಲಿನ ಅಡುಗೆಮನೆಗೆ ಹೋದರೂ ಈಚೆ ಬರುವುದು ಮಸಾಲೆ ದೋಸೆಯೇ. ಒಳಗೆ ಒಂದೇ ಕಾವಲಿ ಇದೆಯೋ ನಾಲ್ಕಿವೆಯೋ, ಪಲ್ಯ ಮೊದಲೇ ಮಾಡಿಟ್ಟಿದ್ದಾರೋ ಆಗಲೇ ಮಾಡುತ್ತಾರೋ, ಗಿರಾಕಿಗೆ ಕಾಣಿಸುವುದಿಲ್ಲ. ಪ್ರೊಸೆಸರಿನಲ್ಲಿ ಈ ಚೀಟಿಯ ಭಾಷೆಗೆ ಎಕ್ಸ್86 ಆಜ್ಞಾ ಸಮೂಹ ಅನ್ನುತ್ತಾರೆ. ಇಂಟೆಲ್ ತನ್ನ 8086 ಚಿಪ್ಪಿಗಾಗಿ 1978ರಲ್ಲಿ ಹುಟ್ಟುಹಾಕಿದ ಭಾಷೆ ಅದು. ಆ ಚೀಟಿಯನ್ನು ಓದಿ ಸರಿಯಾದ ಉತ್ತರ ಕೊಡುವ ಚಿಪ್ಪನ್ನು ಬೇರೆಯವರು ತಮ್ಮದೇ ಅಡುಗೆಮನೆ ಕಟ್ಟಿ ಮಾಡಿದರೆ ಅದು ಕಂಪ್ಯಾಟಿಬಲ್. ಬೇರೆಯವರ ಅಡುಗೆಮನೆಯ ಇಟ್ಟಿಗೆ ಇಟ್ಟಿಗೆಯನ್ನೂ ಎತ್ತಿಕೊಂಡು ಬಂದರೆ ನಕಲು. ನಿಮ್ಮ ತಂದೆಯವರ ಚಿಪ್ ಮೊದಲ ಜಾತಿಯದು. ಅಷ್ಟೇ ಅಲ್ಲ, ಆ ಅಡುಗೆಮನೆ ಕೆಲವು ವಿಷಯಗಳಲ್ಲಿ ಇಂಟೆಲ್‌ನದಕ್ಕಿಂತ ಜಾಣತನದಿಂದ ಕಟ್ಟಿದ್ದು.

ಈ ಪೈಪೋಟಿಗೆ ಬಾಗಿಲು ತೆರೆದದ್ದು ಅಮೆರಿಕದ ಕಂಪ್ಯೂಟರ್ ಕಂಪನಿ ಐಬಿಎಂ. 1981ರಲ್ಲಿ ತನ್ನ ಪಿಸಿಗೆ ಇಂಟೆಲ್‌ನ 8088 ಆರಿಸಿಕೊಂಡಾಗ, ಒಬ್ಬರನ್ನೇ ನಂಬಿ ಕೂರಲು ಅದು ತಯಾರಿರಲಿಲ್ಲ. ಅದೇ ಚಿಪ್ಪನ್ನು ಇನ್ನೊಬ್ಬರೂ ಪೂರೈಸಬೇಕು ಎಂದಿತು. ಹೀಗೆ 1982ರಲ್ಲಿ ಇಂಟೆಲ್ ಮತ್ತು ಇನ್ನೊಂದು ಚಿಪ್ ಕಂಪನಿ ಎಎಂಡಿ ನಡುವೆ ತಂತ್ರಜ್ಞಾನ ವಿನಿಮಯದ ಒಪ್ಪಂದ ಆಯಿತು. ಒಪ್ಪಂದ ಮುಂದಿನ ತಲೆಮಾರಿನ 286 ಚಿಪ್ಪಿನವರೆಗೆ ಸುಸೂತ್ರ ನಡೆಯಿತು. 1985ರಲ್ಲಿ 386 ಬಂದಾಗ ಇಂಟೆಲ್ ಅದರ ವಿನ್ಯಾಸ ಕೊಡಲು ಒಪ್ಪಲಿಲ್ಲ. ಎಎಂಡಿ ವರ್ಷಗಟ್ಟಲೆ ಕಷ್ಟಪಟ್ಟು 1991ರಲ್ಲಿ ತನ್ನದೇ 386 ತಂದಿತು. ಇಂಟೆಲ್‌ನ 386 33 ಮೆಗಾಹರ್ಟ್ಸ್‌ಗೆ ನಿಂತಿದ್ದರೆ ಎಎಂಡಿಯದು 40ರಲ್ಲಿ ಓಡುತ್ತಿತ್ತು (ಚಿಪ್ಪಿನ ಗಡಿಯಾರ ಸೆಕೆಂಡಿಗೆ ಎಷ್ಟು ಹತ್ತು ಲಕ್ಷ ಸಲ ಮಿಡಿಯುತ್ತದೆ ಎಂಬುದೇ ಮೆಗಾಹರ್ಟ್ಸ್). ಎಎಂಡಿಯ ಕಥೆ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿಗೇ ಬಿಡುತ್ತೇನೆ.

ಅದಕ್ಕೂ ಮುಂಚಿನ, ನನಗೆ ಎಲ್ಲಕ್ಕಿಂತ ಇಷ್ಟದ ಚಿಪ್ ಜಪಾನಿನ ಎನ್‌ಇಸಿ ಕಂಪನಿಯ ವಿ20. ಐಬಿಎಂ ಪಿಸಿಯಿಂದ 8088 ಕಿತ್ತು ಅದೇ ಸಾಕೆಟ್ಟಿಗೆ ಇದನ್ನು ಒತ್ತಿದರೆ ಸಾಕು, ಜಂಪರ್ (ಬೋರ್ಡಿನ ಸೆಟ್ಟಿಂಗ್ ಬದಲಿಸುವ ಪುಟ್ಟ ಕೀಲಿ) ಮುಟ್ಟುವುದು ಬೇಡ, ಮದರ್‌ಬೋರ್ಡಿಗೆ ಗೊತ್ತೂ ಆಗುವುದಿಲ್ಲ. 8088ರಲ್ಲಿ ಸುಮಾರು 29,000 ಟ್ರಾನ್ಸಿಸ್ಟರ್‌ಗಳಿದ್ದರೆ ವಿ20ಯಲ್ಲಿ 63,000. ಹೆಚ್ಚುವರಿ ಟ್ರಾನ್ಸಿಸ್ಟರ್‌ಗಳನ್ನು ಎನ್‌ಇಸಿಯವರು ಒಳಗೆ ಎರಡು ದತ್ತಾಂಶ ದಾರಿಗಳನ್ನು ಹಾಕಲು, ಮೆಮೊರಿ ವಿಳಾಸ ಲೆಕ್ಕ ಹಾಕಲು ಪ್ರತ್ಯೇಕ ಸರ್ಕ್ಯೂಟ್ ಇಡಲು ಬಳಸಿದರು. ಅದೇ ಮೆಗಾಹರ್ಟ್ಸ್‌ನಲ್ಲಿ ಕೆಲಸ ಬೇಗ ಮುಗಿಯುತ್ತಿತ್ತು. ಗುಣಾಕಾರ, ಭಾಗಾಕಾರಗಳಲ್ಲಂತೂ ಹಳೆಯ ಚಿಪ್ಪಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇನ್ನೊಂದು ಚಮತ್ಕಾರವೂ ಒಳಗಿತ್ತು. ಒಂದು ವಿಶೇಷ ಆಜ್ಞೆ ಕೊಟ್ಟರೆ ಅದು ಇಂಟೆಲ್ 8086ಕ್ಕೂ ಮುಂಚೆ ಮಾಡಿದ್ದ 8080 ಚಿಪ್ಪಿನ ವೇಷ ಹಾಕಿ, ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಕಾಲದ 8 ಬಿಟ್ ಪ್ರೋಗ್ರಾಂಗಳನ್ನೂ ಓಡಿಸುತ್ತಿತ್ತು. ಒಂದೇ ಕಪ್ಪು ಚಿಪ್ಪಿನಲ್ಲಿ ಎರಡು ತಲೆಮಾರು!

ಈ ಚಿಪ್ಪಿನಿಂದಲೇ ನಿಮ್ಮ ‘ನಕಲಿಯೇ’ ಎಂಬ ಪ್ರಶ್ನೆ ಅಮೆರಿಕದ ಕೋರ್ಟ್ ಮೆಟ್ಟಿಲೇರಿತು. ಪ್ರೊಸೆಸರಿನೊಳಗೆ ಪ್ರತಿ ಆಜ್ಞೆಗೂ ‘ಹೀಗೆ ಹೀಗೆ ಮಾಡು’ ಎಂಬ ಪುಟ್ಟ ಪುಟ್ಟ ಹೆಜ್ಜೆಗಳನ್ನು ಬರೆದಿಟ್ಟಿರುತ್ತಾರೆ. ಅದು ಮೈಕ್ರೋಕೋಡ್, ಅಡುಗೆಮನೆಯ ಗೋಡೆಗೆ ಅಂಟಿಸಿದ ರೆಸಿಪಿ ಅನ್ನಿ. ಅದನ್ನು ಎನ್‌ಇಸಿ ಕದ್ದಿದೆ ಎಂದು ಇಂಟೆಲ್, ಇಲ್ಲ ಎಂದು ಎನ್‌ಇಸಿ. 1984ರ ಕೊನೆಯಲ್ಲಿ ಕೋರ್ಟಿಗೆ ಮೊದಲು ಹೋದದ್ದೂ ಎನ್‌ಇಸಿಯೇ. ಮೊದಲ ನ್ಯಾಯಾಧೀಶರು ಇಂಟೆಲ್ ಪರವಾಗಿ ಒಂದು ತೀರ್ಮಾನ ಕೊಟ್ಟರು. ಆಮೇಲೆ ನೋಡಿದರೆ ಅವರು ಸದಸ್ಯರಾಗಿದ್ದ ಹೂಡಿಕೆ ಸಂಘವೊಂದರಲ್ಲಿ ಇಂಟೆಲ್ ಷೇರುಗಳಿದ್ದವು. ಅವರ ಪಾಲಿಗೆ ಬರುತ್ತಿದ್ದದ್ದು ಹೆಚ್ಚೂಕಡಿಮೆ 80 ಡಾಲರ್. ಆ 80 ಡಾಲರಿಗೆ ಇಡೀ ತೀರ್ಪು ರದ್ದಾಗಿ, ಮೊಕದ್ದಮೆ ವಿಲಿಯಂ ಗ್ರೇ ಎಂಬ ಇನ್ನೊಬ್ಬ ನ್ಯಾಯಾಧೀಶರ ಮುಂದೆ ಮೊದಲಿನಿಂದ ಶುರುವಾಯಿತು.

ಎನ್‌ಇಸಿಯ ಎಂಜಿನಿಯರ್ ಇಂಟೆಲ್‌ನ ಮೈಕ್ರೋಕೋಡನ್ನು ಬಿಡಿಸಿ ಓದಿದ್ದು ನಿಜವೇ ಆಗಿತ್ತು. ಹಾಗಾದರೆ ಬಚಾವಾಗುವುದು ಹೇಗೆ? ಎನ್‌ಇಸಿಯವರು, ಇಂಟೆಲ್‌ನ ಮೈಕ್ರೋಕೋಡನ್ನು ಕಣ್ಣಿಂದಲೂ ನೋಡಿರದ ಒಬ್ಬ ಎಂಜಿನಿಯರನ್ನು ಕರೆತಂದು, ಬರೀ ವಿವರಣೆ ಕೊಟ್ಟು ಹೊಸದಾಗಿ ಬರೆಸಿದರು. ವಿವಾದದಲ್ಲಿದ್ದ ಜಾಗಗಳಲ್ಲಿ ಅವರದೂ ಇಂಟೆಲ್‌ನದನ್ನೇ ಹೋಲುತ್ತಿತ್ತು. ಅಂದರೆ ಕೆಲವು ಆಜ್ಞೆಗಳನ್ನು ಬರೆಯಲು ಇರುವುದೇ ಒಂದು ದಾರಿ. ಉಪ್ಪಿಟ್ಟಿಗೆ ರವೆ ಹುರಿದದ್ದನ್ನು ಕಳ್ಳತನ ಅನ್ನಲಾಗುವುದಿಲ್ಲ. 1989ರ ಫೆಬ್ರವರಿಯಲ್ಲಿ ಬಂದ ತೀರ್ಪಿನ ಸಾರ ಹೀಗಿತ್ತು: ಮೈಕ್ರೋಕೋಡಿಗೆ ಕೃತಿಸ್ವಾಮ್ಯ ಉಂಟು, ಆದರೆ ಎನ್‌ಇಸಿ ಅದನ್ನು ಉಲ್ಲಂಘಿಸಿಲ್ಲ. ಅದಕ್ಕಿಂತ ಕಸಿವಿಸಿಯ ಸಂಗತಿ, ಪರವಾನಗಿ ಪಡೆದವರು ಮಾಡಿದ ಚಿಪ್ಪುಗಳ ಮೇಲೆ ಕೃತಿಸ್ವಾಮ್ಯದ ಗುರುತು ಹಾಕಿಸದೆ ಇಂಟೆಲ್ ಆ ಹಕ್ಕನ್ನೇ ಕಳೆದುಕೊಂಡಿತ್ತು. ಎನ್‌ಇಸಿ ಗೆದ್ದಿತು ನಿಜ, ಅಷ್ಟು ಹೊತ್ತಿಗೆ ಮಾರುಕಟ್ಟೆ 386ಕ್ಕೆ ಹೋಗಿಬಿಟ್ಟಿತ್ತು. ಕೋರ್ಟ್ ಗಡಿಯಾರವೂ ಪ್ರೊಸೆಸರ್ ಗಡಿಯಾರವೂ ಒಂದೇ ವೇಗದಲ್ಲಿ ಓಡುವುದಿಲ್ಲ.

ಅಂದಹಾಗೆ ಪೆಂಟಿಯಂ ಎಂಬ ಹೆಸರು ಹುಟ್ಟಿದ್ದೂ ಇಂಥದೇ ಜಗಳದಿಂದ. ‘386’ ಎಂಬ ಅಂಕಿಯನ್ನು ಟ್ರೇಡ್‌ಮಾರ್ಕ್ ಆಗಿ ಕಾಪಾಡಿಕೊಳ್ಳಲು ಆಗದು ಎಂದು 1991ರಲ್ಲಿ ಕೋರ್ಟ್ ಹೇಳಿತು. ಹಾಗಾಗಿ 1993ರಲ್ಲಿ ಬಂದ ಚಿಪ್ಪಿಗೆ ಇಂಟೆಲ್ 586 ಎನ್ನಲಿಲ್ಲ. ಗ್ರೀಕಿನಲ್ಲಿ ಐದು ಎಂಬ ಅರ್ಥದ ‘ಪೆಂಟೆ’ ಹಿಡಿದು ಒಂದು ಹೆಸರು ಮಾಡಿತು. ಅಂಕಿ ಯಾರ ಸೊತ್ತೂ ಅಲ್ಲವಾದ್ದರಿಂದ ಉಳಿದವರು 5ಎಕ್ಸ್86, 6ಎಕ್ಸ್86 ಅಂದುಕೊಂಡರು. ನಿಮ್ಮ ಚಿಪ್ಪಿನ ಮೇಲಿರುವುದು ಆ ಜಗಳದ ಉಳಿಕೆ.

ಇನ್ನು ಸೈರಿಕ್ಸ್. 1988ರಲ್ಲಿ ಟೆಕ್ಸಸ್ಸಿನ ರಿಚರ್ಡ್‌ಸನ್‌ನಲ್ಲಿ, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನಿಂದ ಹೊರಬಂದ ಜೆರ್ರಿ ರೋಜರ್ಸ್ ಮತ್ತು ಟಾಮ್ ಬ್ರೈಟ್‌ಮನ್ ಕಟ್ಟಿದ ಕಂಪನಿ. ಮೊದಲು ಮಾಡಿದ್ದು 386ರ ಪಕ್ಕ ಕೂರಿಸುವ ಗಣಿತದ ಚಿಪ್. ಅದು ಇಂಟೆಲ್‌ನದಕ್ಕಿಂತ ಚುರುಕಾಗಿತ್ತು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ. 1992ರಲ್ಲಿ ಬಂದ 486ಡಿಎಲ್‌ಸಿ ಒಂದು ತಮಾಷೆಯ ಚಿಪ್: 486ರ ಆಜ್ಞೆಗಳು ಗೊತ್ತು, ಕೂರುವುದು 386ರ ಸಾಕೆಟ್ಟಿನಲ್ಲಿ. ಇಂಟೆಲ್ 486ಕ್ಕೆ 8 ಕಿಲೋಬೈಟ್ ಕ್ಯಾಷ್ (ಚಿಪ್ಪಿನೊಳಗಿನ ಚುರುಕಾದ ಪುಟ್ಟ ಮೆಮೊರಿ) ಇದ್ದರೆ ಇದಕ್ಕೆ 1 ಕಿಲೋಬೈಟ್. ಆದರೂ ಹಳೆಯ ಬೋರ್ಡನ್ನು ಬಿಸಾಡದೆ ವೇಗ ಹೆಚ್ಚಿಸಿಕೊಳ್ಳುವ ದಾರಿ ಅದಾಗಿತ್ತು.

1995ರ ಕೊನೆಗೆ ಬಂದ 6ಎಕ್ಸ್86 ಅವರ ದೊಡ್ಡ ಕೆಲಸ. ಪೆಂಟಿಯಮ್ಮಿಗೆ ಎರಡು ಪೈಪ್‌ಲೈನ್, ಇದಕ್ಕೂ ಎರಡು, ಅಂದರೆ ಆಜ್ಞೆಗಳು ಹಂತಹಂತವಾಗಿ ಸಾಗುವ ಎರಡು ಸಾಲು. ಆದರೆ ಪೆಂಟಿಯಂ ಎರಡನ್ನೂ ಒಟ್ಟಿಗೆ ಓಡಿಸಬೇಕಾದರೆ ಎರಡು ಆಜ್ಞೆಗಳಿಗೂ ಜಾತಕ ಕೂಡಿಬರಬೇಕು, ಇಲ್ಲವಾದರೆ ಒಂದು ಖಾಲಿ ಕೂರುತ್ತದೆ. 6ಎಕ್ಸ್86ರಲ್ಲಿ ಮಡಿ ಕಡಿಮೆ. ಆಗಿನ ಎಕ್ಸ್86 ಭಾಷೆಯಲ್ಲಿ ಪ್ರೋಗ್ರಾಮಿಗೆ ಕಾಣುವ ರಿಜಿಸ್ಟರುಗಳು (ಲೆಕ್ಕದ ಅಂಕಿಗಳನ್ನು ಇಟ್ಟುಕೊಳ್ಳುವ ಚಿಪ್ಪಿನೊಳಗಿನ ಖಾನೆಗಳು) ಎಂಟೇ. ಸೈರಿಕ್ಸ್ ಒಳಗೆ 32 ಇಟ್ಟುಕೊಂಡು ಬೇಕಾದ ಹಾಗೆ ಹೆಸರು ಬದಲಿಸುತ್ತಿತ್ತು. ಹಾಗಾಗಿ ಒಂದು ಆಜ್ಞೆ ಇನ್ನೊಂದಕ್ಕೆ ಸುಮ್ಮಸುಮ್ಮನೆ ಕಾಯಬೇಕಿರಲಿಲ್ಲ. ತಡವಾದ ಆಜ್ಞೆಯನ್ನು ದಾಟಿ ಅದರ ನಂತರದ್ದು ಮೊದಲು ಮುಗಿಯಬಹುದಿತ್ತು. ವರ್ಡ್, ಎಕ್ಸೆಲ್‌ನಂಥ ಕಚೇರಿ ಕೆಲಸದಲ್ಲಿ ಇದರ ಫಲ ಚೆನ್ನಾಗಿ ಕಂಡಿತು: 133 ಮೆಗಾಹರ್ಟ್ಸ್‌ನ 6ಎಕ್ಸ್86, 166ರ ಪೆಂಟಿಯಮ್ಮಿನ ಹೆಗಲಿಗೆ ಹೆಗಲು ಕೊಟ್ಟಿತು.

ನಿಮ್ಮ ಚಿಪ್ಪಿನ ಮೇಲಿನ ಎರಡು ಅಂಕಿಗಳ ಗುಟ್ಟು ಇಷ್ಟೇ. 133 ಎಂಬುದು ಅದು ನಿಜವಾಗಿ ಓಡುವ ವೇಗ. ಪಿ166+ ಎಂಬುದು ‘166ರ ಪೆಂಟಿಯಮ್ಮಿಗೆ ಸಮ, ಅಥವಾ ಒಂದು ಕೈ ಮೇಲು’ ಎಂಬ ಹೇಳಿಕೆ. 1996ರ ಹೊತ್ತಿಗೆ ಸೈರಿಕ್ಸ್, ಐಬಿಎಂ, ಎಸ್‌ಜಿಎಸ್-ಥಾಮ್ಸನ್, ಎಎಂಡಿ ನಾಲ್ವರೂ ಸೇರಿ ಮಾಡಿಕೊಂಡ ಅಳತೆ ಅದು. ಅಳೆಯಲು ಬಳಸಿದ್ದು ವಿನ್‌ಸ್ಟೋನ್ 96 ಎಂಬ, ಕಚೇರಿ ಪ್ರೋಗ್ರಾಂಗಳನ್ನು ಓಡಿಸಿ ನೋಡುವ ಪರೀಕ್ಷೆ. ನಿಮ್ಮ ತಂದೆ ಅದರಲ್ಲಿ ಪತ್ರ, ಲೆಕ್ಕಪತ್ರ ಮಾಡಿಕೊಂಡಿದ್ದರೆ ಕೊಟ್ಟ ದುಡ್ಡಿಗೆ ನಷ್ಟವಾಗಿಲ್ಲ.

ನೀವು ಆಟವಾಡಿದ್ದರೆ ಮಾತು ಬೇರೆ. 1996ರ ಬೇಸಿಗೆಯಲ್ಲಿ ಕ್ವೇಕ್ ಎಂಬ ಆಟ ಬಂತು. ಗೋಡೆ, ನೆಲಗಳ ಚಿತ್ರವನ್ನು ಮೂರು ಆಯಾಮದಲ್ಲಿ ಸರಿಯಾಗಿ ಕೂರಿಸಲು ಅದು ಎಡೆಬಿಡದೆ ದಶಮಾಂಶ ಲೆಕ್ಕ ಮಾಡುತ್ತಿತ್ತು, ಅದೂ ಪೆಂಟಿಯಮ್ಮಿನ ಗಣಿತ ಘಟಕದ ನಾಡಿ ಹಿಡಿದು ಬರೆದ ಲೆಕ್ಕ. ಪೆಂಟಿಯಂ ಒಂದು ಕೂಡುವ ಲೆಕ್ಕ ಮುಗಿಯುವ ಮೊದಲೇ ಮುಂದಿನದನ್ನು ಒಳಗೆ ತೆಗೆದುಕೊಳ್ಳುತ್ತದೆ. 6ಎಕ್ಸ್86ರ ಗಣಿತ ಘಟಕ ಹಿಂದಿನದು ಪೂರ್ತಿ ಮುಗಿಯುವವರೆಗೆ ಹೊಸ ಲೆಕ್ಕ ಶುರುಮಾಡುತ್ತಿರಲಿಲ್ಲ. ಗಣಿತದ ಚಿಪ್ಪಿನಿಂದಲೇ ಹೆಸರು ಮಾಡಿದ ಕಂಪನಿ ಗಣಿತದಲ್ಲೇ ಎಡವಿತು! ಎಡವಿತು ಅನ್ನುವುದೂ ಅಷ್ಟು ಸರಿಯಲ್ಲ. ಆಗ ಸಾಮಾನ್ಯ ಪ್ರೋಗ್ರಾಂಗಳಲ್ಲಿ ದಶಮಾಂಶ ಲೆಕ್ಕ ಅಪರೂಪ. ಅಪರೂಪದ್ದಕ್ಕೆ ಕಡಿಮೆ ಜಾಗ ಕೊಟ್ಟದ್ದು ಎಂಜಿನಿಯರಿಂಗ್ ದೃಷ್ಟಿಯಿಂದ ಸರಿಯೇ ಇತ್ತು. ಅವರು ಚಿಪ್ ಮಾಡಿ ಮುಗಿಸಿದ ಮೇಲೆ ಜನ ಕಂಪ್ಯೂಟರಿನಲ್ಲಿ ಮಾಡುವ ಕೆಲಸವೇ ಬದಲಾಯಿತು.

ಇದಲ್ಲದೆ ಸಣ್ಣಪುಟ್ಟ ಕಿರಿಕಿರಿಗಳು. ಚಿಪ್ ಬಿಸಿಯಾಗುತ್ತಿತ್ತು, ಸಾಧಾರಣ ಫ್ಯಾನಿಗೆ ಜಗ್ಗುತ್ತಿರಲಿಲ್ಲ. ಪಿ200+ ಮಾದರಿಗೆ 75 ಮೆಗಾಹರ್ಟ್ಸ್ ಬಸ್ (ಚಿಪ್ಪಿಗೂ ಬೋರ್ಡಿಗೂ ನಡುವಿನ ದಾರಿ) ಬೇಕಿತ್ತು, ಅದನ್ನು ಕೊಡುವ ಬೋರ್ಡುಗಳು ಕಡಿಮೆ. ಆರಂಭದ ಚಿಪ್ಪುಗಳನ್ನು ಕಂಡರೆ ವಿಂಡೋಸ್ ಎನ್‌ಟಿ 4 ಕ್ಯಾಷ್‌ನ ಒಂದು ಮುಖ್ಯ ಸೌಲಭ್ಯವನ್ನೇ ಮುಚ್ಚಿಬಿಡುತ್ತಿತ್ತು. ‘ನೀನು ಯಾರು?’ ಎಂದು ಪ್ರೋಗ್ರಾಂ ಕೇಳುವ ಸಿಪಿಯುಐಡಿ ಆಜ್ಞೆಯನ್ನು ಸೈರಿಕ್ಸ್ ಮೊದಲಿಗೆ ಆಫ್ ಮಾಡಿಟ್ಟಿದ್ದರಿಂದ ಎಷ್ಟೋ ಸಾಫ್ಟ್‌ವೇರುಗಳು ಇದನ್ನು 486 ಎಂದೇ ತಿಳಿಯುತ್ತಿದ್ದವು. ಆನ್ ಮಾಡಿದರೆ ಬರುವ ಉತ್ತರ ಮಜವಾಗಿದೆ. ಉತ್ತರ ಹನ್ನೆರಡು ಅಕ್ಷರದಲ್ಲಿರಬೇಕೆಂಬುದು ನಿಯಮ. ಇಂಟೆಲ್ ‘ಜೆನ್ಯುಯಿನ್‌ಇಂಟೆಲ್’ ಎಂದು ಎದೆ ತಟ್ಟಿಕೊಂಡರೆ, ಸೈರಿಕ್ಸ್ ಚಿಪ್ ‘ಸೈರಿಕ್ಸ್‌ಇನ್‌ಸ್ಟೆಡ್’ ಅನ್ನುತ್ತದೆ, ಅಂದರೆ ‘ಅದರ ಬದಲಿಗೆ ಸೈರಿಕ್ಸ್’. ಟೆಕ್ಸಸ್ಸಿನವರ ಹಟ ಚಿಪ್ಪಿನೊಳಗೂ ಬರೆದಿತ್ತು.

ಐಬಿಎಂ ಹೆಸರು ಏಕೆ? ಸೈರಿಕ್ಸಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಐಬಿಎಂ, ಎಸ್‌ಜಿಎಸ್-ಥಾಮ್ಸನ್ ಮಾಡಿಕೊಡುತ್ತಿದ್ದವು. ಇಂಟೆಲ್ ಜೊತೆ ಪೇಟೆಂಟ್ ಒಪ್ಪಂದ ಇದ್ದ ಕಾರ್ಖಾನೆಯಲ್ಲಿ ಮಾಡಿಸಿದರೆ ಮೊಕದ್ದಮೆಯಿಂದ ಒಂದಿಷ್ಟು ರಕ್ಷಣೆ ಎಂಬ ಲೆಕ್ಕವೂ ಇತ್ತು. ಪ್ರತಿಯಾಗಿ ಐಬಿಎಂಗೆ ಅದೇ ಚಿಪ್ಪನ್ನು ತನ್ನ ಮುದ್ರೆ ಹಾಕಿ ಮಾರುವ ಹಕ್ಕು. ಇದರಿಂದ ಅಂಗಡಿಯ ಕಪಾಟಿನಲ್ಲಿ ಸೈರಿಕ್ಸಿನ ಪಕ್ಕದಲ್ಲೇ, ಅದಕ್ಕಿಂತ ದೊಡ್ಡ ಹೆಸರಿನಲ್ಲಿ, ಸೈರಿಕ್ಸಿನದೇ ಚಿಪ್ ಪೈಪೋಟಿಗೆ ನಿಂತಿತು. ಸೈರಿಕ್ಸ್ ಕೆಟ್ಟದ್ದು ಕ್ವೇಕ್‌ನಿಂದ ಎಂದು ಬಹಳ ಜನ ಹೇಳುತ್ತಾರೆ. ಹೊಲ ಬೇರೆಯವರದು, ಫಸಲಿನಲ್ಲೂ ಅವರಿಗೆ ಪಾಲು ಎಂಬ ಈ ಗೇಣಿ ಒಕ್ಕಲುತನ ಅದಕ್ಕಿಂತ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. 1997ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಅದನ್ನು ಕೊಂಡಿತು, 1999ರಲ್ಲಿ ತೈವಾನಿನ ವಿಯಾಗೆ ಮಾರಿತು.

ಇನ್ನೊಂದು ಹೆಸರು ಹೇಳದಿದ್ದರೆ ಉತ್ತರ ಅರ್ಧ: ನೆಕ್ಸ್‌ಜೆನ್. 1986ರಲ್ಲಿ ಥಂಪಿ ಥಾಮಸ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಂಪನಿ. ಮುಂದೆ ಅದನ್ನು ನಡೆಸಿದವರು ಲಾಹೋರಿನಲ್ಲಿ ಹುಟ್ಟಿದ ಅತೀಕ್ ರಜಾ. 1994ರಲ್ಲಿ ಬಂದ ಅವರ ಎನ್‌ಎಕ್ಸ್586, ಎಕ್ಸ್86 ಚೀಟಿಯನ್ನು ನೇರವಾಗಿ ಅಡುಗೆಗೆ ಕಳಿಸುತ್ತಿರಲಿಲ್ಲ. ಬಾಗಿಲಲ್ಲೇ ಅದನ್ನು ಒಡೆದು, ‘ಹಿಟ್ಟು ಹುಯ್ಯಿ’, ‘ಪಲ್ಯ ಇಡು’, ‘ಮಡಿಸು’ ಎಂಬಂಥ ಸರಳ ತುಣುಕುಗಳಾಗಿ ಮಾಡಿ ಒಳಗೆ ಬಿಡುತ್ತಿತ್ತು. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಇಂಟೆಲ್, ಎಎಂಡಿ ಚಿಪ್ಪುಗಳೂ ಮಾಡುವುದು ಇದನ್ನೇ. ಆದರೆ ನೆಕ್ಸ್‌ಜೆನ್ ಚಿಪ್ ಪೆಂಟಿಯಂ ಸಾಕೆಟ್ಟಿನಲ್ಲಿ ಕೂರುತ್ತಿರಲಿಲ್ಲ, ಅದಕ್ಕೆ ಅದರದೇ ಮದರ್‌ಬೋರ್ಡ್ ಬೇಕು. ಮೊದಲ ಮಾದರಿಗಳಲ್ಲಿ ದಶಮಾಂಶದ ಘಟಕವೂ ಒಳಗಿರಲಿಲ್ಲ. ಚಿಪ್ ಒಳ್ಳೆಯದಾದರೂ ಬೋರ್ಡ್ ಸಿಗದಿದ್ದರೆ ಎಸ್.ಪಿ. ರಸ್ತೆಯವನು ಅದನ್ನು ಏನು ಮಾಡಬೇಕು?

ಪೆಂಟಿಯಂ ತಂಡವನ್ನು ಮುನ್ನಡೆಸಿದ, ನಮ್ಮ ಪತ್ರಿಕೆಗಳು ‘ಪೆಂಟಿಯಂ ಜನಕ’ ಎಂದು ಕರೆದ ಪುಣೆಯ ವಿನೋದ್ ಧಾಮ್ 1995ರಲ್ಲಿ ಇಂಟೆಲ್ ಬಿಟ್ಟು ಸೇರಿದ್ದು ಈ ನೆಕ್ಸ್‌ಜೆನ್ನನ್ನೇ. ಅದೇ ವರ್ಷ, ತನ್ನ ಕೆ5 ಚಿಪ್ ತಡವಾಗಿ ಕೈಕೈ ಹಿಸುಕಿಕೊಳ್ಳುತ್ತಿದ್ದ ಎಎಂಡಿ ನೆಕ್ಸ್‌ಜೆನ್ನನ್ನು ಕೊಳ್ಳುವುದಾಗಿ ಘೋಷಿಸಿತು. ಅವರು ಅರ್ಧ ಮಾಡಿಟ್ಟಿದ್ದ ಮುಂದಿನ ಚಿಪ್ಪನ್ನು ಪೆಂಟಿಯಂ ಸಾಕೆಟ್ಟಿಗೆ ಹೊಂದಿಸಿದಾಗ ಅದು 1997ರ ಕೆ6 ಆಯಿತು. ಹೆಸರಿಲ್ಲದೆ ಹೋದ ಕಂಪನಿಯ ರಕ್ತ ಹೆಸರುಳ್ಳ ಚಿಪ್ಪಿನಲ್ಲಿ ಹರಿಯಿತು.

ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ತೈವಾನಿನ ಯುಎಂಸಿ ಒಂದು 486 ಮಾಡಿ, ಅಮೆರಿಕದಲ್ಲಿ ಮಾರುವಂತಿಲ್ಲ ಎಂದು ಚಿಪ್ಪಿನ ಮೇಲೆಯೇ ಅಚ್ಚುಹಾಕಿತು, ವಕೀಲರ ಭಯ. ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ಗ್ಲೆನ್ ಹೆನ್ರಿಯವರ ಸೆಂಟಾರ್ ತಂಡ 1997ರಲ್ಲಿ ವಿನ್‌ಚಿಪ್ ತಂದಿತು. ಎಲ್ಲರೂ ಜಟಿಲ ಮಾಡುತ್ತಿದ್ದಾಗ ಅವರು ಒಂದೇ ಪೈಪ್‌ಲೈನಿನ ಸರಳ, ಅಗ್ಗದ ಚಿಪ್ ಮಾಡಿ 64 ಕಿಲೋಬೈಟ್ ಕ್ಯಾಷ್ ತುಂಬಿದರು. ವಿಯಾ ಸೆಂಟಾರನ್ನೂ ಕೊಂಡಿತು. ಮುಂದೆ ವಿಯಾ ಸಿ3 ಎಂಬ ಹೆಸರಿನಲ್ಲಿ ಮಾರಾಟವಾದದ್ದು ಸೆಂಟಾರ್ ವಿನ್ಯಾಸವೇ. ರೈಸ್ ಎಂಬ ಕಂಪನಿಯ ಎಂಪಿ6 ಮಾರುಕಟ್ಟೆಯಲ್ಲಿ ಕಂಡದ್ದೇ ಕಡಿಮೆ, ಆದರೆ ಅದರ ಸಂತತಿ ಕೈಬದಲಾಗಿ ವೋರ್ಟೆಕ್ಸ್86 ಎಂಬ ಹೆಸರಲ್ಲಿ ಕಾರ್ಖಾನೆ ಯಂತ್ರಗಳೊಳಗೆ ಬದುಕಿತು. ಸೈರಿಕ್ಸಿನವರೇ 1997ರಲ್ಲಿ ಗ್ರಾಫಿಕ್ಸ್, ಧ್ವನಿ, ಮೆಮೊರಿ ನಿಯಂತ್ರಣದ ಕೆಲಸಗಳನ್ನೆಲ್ಲ ಸೇರಿಸಿ ಮಾಡಿದ ಮೀಡಿಯಾಜಿಎಕ್ಸ್, ಕಾಂಪ್ಯಾಕ್‌ನ 999 ಡಾಲರ್ ಕಂಪ್ಯೂಟರಿನಲ್ಲಿ ಬಂತು. ಅದೇ ಸಾಲಿನ ಜಿಯೋಡ್ ಮುಂದೆ ಎಎಂಡಿಯ ಕೈಸೇರಿ, ಬಡದೇಶಗಳ ಶಾಲಾ ಮಕ್ಕಳಿಗೆಂದು ಮಾಡಿದ ಹಸಿರು-ಬಿಳಿಯ ಎಕ್ಸ್‌ಒ ಲ್ಯಾಪ್‌ಟಾಪನ್ನು ನಡೆಸಿತು.

ಈಗ ಆನ್ ಮಾಡುವ ವಿಷಯ. ಅವಸರ ಬೇಡ. ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿ, ಐಡಿಇ-ಯುಎಸ್‌ಬಿ ಅಡಾಪ್ಟರ್ ಹಾಕಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಅದು ಇನ್ನೊಮ್ಮೆ ತಿರುಗುತ್ತದೆ ಎಂಬ ಭರವಸೆ ಇಲ್ಲ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಮರೆಯದೆ ತೆಗೆದುಕೊಳ್ಳಿ. ನಿಮ್ಮ ತಂದೆ ಕನ್ನಡದಲ್ಲಿ ಟೈಪ್ ಮಾಡಿದ್ದರೆ ಅದು ಯೂನಿಕೋಡ್ ಆಗಿರುವುದಿಲ್ಲ, ಆ ಹಳೆಯ ಫಾಂಟ್ ಇಲ್ಲದೆ ತೆರೆದರೆ ಬರೀ ಗೀಚು ಕಾಣಿಸುತ್ತದೆ. ಆಮೇಲೆ ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ, ಬ್ಯಾಟರಿ ಸೋರಿದೆಯೇ ನೋಡಿ. ಫ್ಯಾನ್ ಬೆರಳಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಹೊಸದು ಹಾಕಿ, ತೆಳುವಾಗಿ ಥರ್ಮಲ್ ಪೇಸ್ಟ್ ಹಚ್ಚಿ. ಈ ಚಿಪ್ ಫ್ಯಾನ್ ಇಲ್ಲದೆ ತಾಳುವುದಿಲ್ಲ. ಚಿಪ್ಪಿನ ಮುಚ್ಚಳದ ಮೇಲೆ ವೋಲ್ಟೇಜ್ ಹುಡುಕಿ: ಮೊದಲ 6ಎಕ್ಸ್86ಗಳಿಗೆ 3.3 ಅಥವಾ 3.52 ವೋಲ್ಟ್, ಹೆಸರಿನ ಕೊನೆಗೆ ಎಲ್ ಇದ್ದರೆ ಒಳಭಾಗಕ್ಕೆ 2.8. ಬೋರ್ಡಿನ ಜಂಪರ್ ಅದಕ್ಕೆ ತಕ್ಕಂತೆ ಇದೆಯೇ ಖಚಿತಮಾಡಿಕೊಳ್ಳಿ. ಬಸ್ 66 ಮೆಗಾಹರ್ಟ್ಸ್, ಗುಣಕ 2 ಇರಬೇಕು, ಆಗಲೇ ಚಿಪ್ ಅದರ ಎರಡರಷ್ಟು, ಅಂದರೆ ಸುಮಾರು 133ರಲ್ಲಿ ಓಡುತ್ತದೆ. ಪವರ್ ಸಪ್ಲೈ ಹಳೆಯ ಎಟಿ ಜಾತಿಯದಾಗಿದ್ದು, ಬೋರ್ಡಿಗೆ ಹೋಗುವ ಎರಡು ಕನೆಕ್ಟರ್‌ಗಳನ್ನು ನೀವು ಬಿಚ್ಚಿದ್ದರೆ, ಮತ್ತೆ ಹಾಕುವಾಗ ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟುಹೋಗುತ್ತದೆ. ನಾನು ಒಂದನ್ನು ಹಾಗೆ ಸುಟ್ಟಿದ್ದೇನೆ.